ಕೆರೆಯ ತಳದಲ್ಲಿ ನಿಂತ ಕೊಲೊಸಿಯಮ್

ಮಣ್ಣು ಪರೀಕ್ಷೆಯ ವರದಿ ಬರುವ ಮೊದಲೇ ಕಂಬಗಳ ನಕ್ಷೆ ಕೇಳುವ ಮಾಲೀಕರಿಗೆ ಸ್ಟ್ರಕ್ಚರಲ್ ಇಂಜಿನಿಯರ್ ಆದ ನಾನು ಹೇಳುವುದು, ಕ್ರಿ.ಶ. 27ರಲ್ಲಿ ರೋಮ್ ಸಮೀಪದ ಫಿಡೇನೆ ಊರಿನಲ್ಲಿ ನಡೆದ ದುರಂತದ ಕಥೆಯನ್ನು. ದಾಸ್ಯದಿಂದ ಬಿಡುಗಡೆ ಪಡೆದಿದ್ದ ಅಟಿಲಿಯಸ್ ಎಂಬಾತ ಲಾಭದ ಆಸೆಯಿಂದ ಅಲ್ಲಿ ಜನರ ಮನರಂಜನೆಗಾಗಿ ಆಯುಧ ಹಿಡಿದು ಹೋರಾಡುವ ಗ್ಲಾಡಿಯೇಟರ್‌ಗಳ ಕಾಳಗಕ್ಕೆಂದು ಮರದ ರಂಗಮಂದಿರವೊಂದನ್ನು ಎಬ್ಬಿಸಿದ. ಅವನು ಗಟ್ಟಿ ನೆಲದ ಮೇಲೆ ಪಾಯ ಹಾಕಲಿಲ್ಲ, ಮರದ ಜೋಡಣೆಗಳನ್ನೂ ಬಿಗಿ ಮಾಡಲಿಲ್ಲ ಎಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಚಕ್ರವರ್ತಿ ಟೈಬೀರಿಯಸ್‌ಗೆ ಇಂಥ ಆಟಗಳು ಹಿಡಿಸುತ್ತಿರಲಿಲ್ಲವಾದ್ದರಿಂದ, ಮನರಂಜನೆಗೆ ಹಸಿದಿದ್ದ ನಗರದ ಜನ ಅಲ್ಲಿಗೆ ಹೋಗಿ ಕಿಕ್ಕಿರಿದರು, ಕಟ್ಟಡ ಕುಸಿಯಿತು. ಸತ್ತವರೂ ಗಾಯಗೊಂಡವರೂ ಸೇರಿ 50,000 ಎಂಬ ಟ್ಯಾಸಿಟಸ್‌ನ ಲೆಕ್ಕ ನನಗೆ ಹೆಚ್ಚೆನಿಸುತ್ತದೆ. ಆಮೇಲೆ ರೋಮ್‌ನ ಗಣ್ಯರ ಆಡಳಿತ ಸಭೆಯಾದ ಸೆನೆಟ್ ಎರಡು ನಿಯಮ ತಂದಿತು: 4,00,000 ಸೆಸ್ಟರ್ಸ್ ನಾಣ್ಯಗಳಿಗಿಂತ ಕಡಿಮೆ ಆಸ್ತಿಯುಳ್ಳವರು ಕಾಳಗ ಏರ್ಪಡಿಸಬಾರದು; ಗಟ್ಟಿತನ ಖಚಿತವಾಗದ ನೆಲದಲ್ಲಿ ರಂಗಮಂದಿರ ಕಟ್ಟಬಾರದು. ಮೊದಲನೆಯದು ಹಣವಂತರಿಗೆ ಒಪ್ಪುವ ನಿಯಮ. ಎರಡನೆಯದರಲ್ಲಿ ಇಂದಿಗೂ ತಿದ್ದುವಂಥದ್ದೇನಿಲ್ಲ.

ಇದಾಗಿ ಅರ್ಧ ಶತಮಾನ ಕಳೆಯುವುದರೊಳಗೆ ವೆಸ್ಪೇಸಿಯನ್ ಚಕ್ರವರ್ತಿ ರೋಮ್ ನಗರದ ಬೃಹತ್ ರಂಗಮಂದಿರವಾದ ಕೊಲೊಸಿಯಮ್‌ಗೆ ಆರಿಸಿದ ಜಾಗವಾದರೋ ಹಿಂದಿನ ಚಕ್ರವರ್ತಿ ನೀರೋ ತನ್ನ ಸುವರ್ಣ ಅರಮನೆಯ ಆವರಣದಲ್ಲಿ ಮಾಡಿಸಿದ್ದ ಕೆರೆ. ದೊರೆಯ ವಿಲಾಸದ ನೆಲವನ್ನು ಜನರಿಗೆ ಮರಳಿಸುವ ರಾಜಕೀಯ ಲೆಕ್ಕಾಚಾರ ಅದರ ಹಿಂದಿತ್ತು. ಕಟ್ಟುವವರಿಗೆ ಮಾತ್ರ ಅದು ಸುಲಭದ ಸೈಟಾಗಿರಲಿಲ್ಲ. ನೀರು ಬಸಿದು, ಆಳಕ್ಕೆ ಅಗೆದು, ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ ಬೆರೆಸಿದ ಕಾಂಕ್ರೀಟಿನಿಂದ ಸುಮಾರು 12 ಮೀಟರ್ ಆಳದ ಬಳೆಯಾಕಾರದ ತಳಪಾಯ ಹಾಕಿ, ಮಳೆನೀರು ಹೊರಹೋಗಲು ಚರಂಡಿಗಳನ್ನೂ ಹಾಯಿಸಿದರು. ಭಾರ ಹೊರುವ ಕಂಬಗಳಿಗೆ ರೋಮ್ ಸಮೀಪದ ತಿವೊಲಿಯ ಟ್ರಾವರ್ಟೈನ್ ಎಂಬ ಗಟ್ಟಿ ಸುಣ್ಣದ ಕಲ್ಲು. ನಡುವಿನ ಗೋಡೆಗಳಿಗೆ ಜ್ವಾಲಾಮುಖಿಯ ಬೂದಿಯಿಂದಾದ, ಹಗುರವಾದ ಟಫ್ ಕಲ್ಲು. ಮೇಲಕ್ಕೆ ಹೋದಂತೆ ಇಟ್ಟಿಗೆ, ಕಾಂಕ್ರೀಟು. ತುತ್ತತುದಿಯ ಆಸನಗಳಿಗೆ ಮರ. ತಳಪಾಯದ ಮೇಲಿನ ಹೊರೆ ಇಳಿಸುವ ಈ ಕ್ರಮ ಬಹಳ ಜಾಣತನದ್ದು, ಆದರೆ 217ರಲ್ಲಿ ಸಿಡಿಲು ಬಡಿದಾಗ ಉರಿದದ್ದೂ ಆ ಮರವೇ.

ಕ್ರಿ.ಶ. 80ರಲ್ಲಿ ವೆಸ್ಪೇಸಿಯನ್ನನ ಮಗ, ಚಕ್ರವರ್ತಿ ಟೈಟಸ್ ಇದನ್ನು ಉದ್ಘಾಟಿಸಿ 100 ದಿನ ಆಟಗಳನ್ನು ನಡೆಸಿದ. ಸುಮಾರು 50,000 ಜನರನ್ನು ಒಳಬಿಟ್ಟು ಹೊರಕಳಿಸಲು ನೆಲಮಟ್ಟದಲ್ಲಿ 80 ಕಮಾನುಗಳಿದ್ದವು. ಚಕ್ರವರ್ತಿಗೂ ಗಣ್ಯರಿಗೂ ಮೀಸಲಾದ ನಾಲ್ಕನ್ನು ಬಿಟ್ಟು ಉಳಿದೆಲ್ಲಕ್ಕೂ ಅಂಕಿ ಕೆತ್ತಲಾಗಿತ್ತು. 23ರಿಂದ 54ರವರೆಗಿನವು ಈಗಲೂ ಕಾಣುತ್ತವೆ. ಮುಂದಿನ ಸಾಲು ಸೆನೆಟರುಗಳದ್ದು, ಹೆಂಗಸರಿಗೆ ತೀರಾ ಮೇಲಿನ ಸಾಲು.

1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಬಿತ್ತು, ಉತ್ತರದ್ದು ನಿಂತಿತು. ದಕ್ಷಿಣ ಭಾಗದ ಕೆಳಗೆ ಹಳೆಯ ತೊರೆಯ ಮೆತ್ತನೆಯ ಮೆಕ್ಕಲು ಇದ್ದದ್ದೇ ಇದಕ್ಕೆ ಮುಖ್ಯ ಕಾರಣವೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದಲ್ಲಿ ಜನ ಕಿತ್ತೊಯ್ದ ತೂತುಗಳು ಗೋಡೆಯ ತುಂಬ ಇವೆ. ಉಳಿದ ಹೊರಗೋಡೆಯ ಪೂರ್ವದ ತುದಿಯೂ ಬಾಗತೊಡಗಿದಾಗ, 1807ರ ಹೊತ್ತಿಗೆ ವಾಸ್ತುಶಿಲ್ಪಿ ರಫೇಲೆ ಸ್ಟೆರ್ನ್ ಅದಕ್ಕೆ ಇಟ್ಟಿಗೆಯ ದಪ್ಪ ಆನುಗೋಡೆ ಕೊಟ್ಟು, ಜಾರುತ್ತಿದ್ದ ಕಮಾನಿನ ಕಲ್ಲುಗಳನ್ನು ಎತ್ತಿ ಸರಿಪಡಿಸುವ ಗೋಜಿಗೆ ಹೋಗದೆ, ಜಾರಿದ ಸ್ಥಿತಿಯಲ್ಲೇ ಕಮಾನುಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದ. ಅಂದಗೆಟ್ಟಿತೆಂದು ಕೆಲವರು ಮುಖ ಸಿಂಡರಿಸುತ್ತಾರೆ. ಬೀಳುತ್ತಿರುವ ಗೋಡೆಗೆ ಅಷ್ಟು ಬೇಗ ಮಾಡಬಹುದಾಗಿದ್ದ ಬೇರೆ ಚಿಕಿತ್ಸೆ ನನಗೆ ತೋಚುವುದಿಲ್ಲ.