ಸೀಮೆಸುಣ್ಣ, ಸ್ಪಂಜು, ಚಾಚಿದ ತೋಳು

ವಾಸ್ತುಶಿಲ್ಪದ ಮೊದಲ ವರ್ಷದವರಿಗೆ ಕಟ್ಟಡಗಳ ಬಲವಿಜ್ಞಾನ ಕಲಿಸಲು ಹೋಗುವಾಗ ನಾನು ಒಂದು ಪೆಟ್ಟಿಗೆ ಸೀಮೆಸುಣ್ಣ ಒಯ್ಯುತ್ತೇನೆ. ಬರೆಯುವುದಕ್ಕಲ್ಲ, ಮುರಿಯುವುದಕ್ಕೆ. ಗಿಡ್ಡ ತುಂಡೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಿದರೆ ಅದು ಜಗ್ಗುವುದಿಲ್ಲ. ಇನ್ನೊಂದನ್ನು ಎರಡು ಕೈಯಲ್ಲಿ ಹಿಡಿದು ಬಾಗಿಸಿದರೆ ಸಾಕು, ಪಟ್ಟನೆ ಮುರಿಯುತ್ತದೆ. ಮೂರನೆಯದನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಬೇಕು. ಆಗ ಅದು ಅಡ್ಡಕ್ಕೆ ತುಂಡಾಗದೆ ಸುಮಾರು 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಸೀಳುತ್ತದೆ. ತಿರುಚಿದಾಗ ಒಳಗೆ ಓರೆಯಾಗಿ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೆ ಅಡ್ಡವಾಗಿ ಸುಣ್ಣ ಬಾಯಿ ಬಿಡುತ್ತದೆ. ಒತ್ತಿದರೆ ತಾಳುತ್ತದೆ, ಎಳೆದರೆ ಸೋಲುತ್ತದೆ. ಕಲ್ಲಿನ ಸ್ವಭಾವವೂ ಇದೇ.

ಬಾಗಿಸಿದಾಗ ಎಳೆತ ಎಲ್ಲಿಂದ ಬಂತು? ಅದಕ್ಕೆ ಸ್ಪಂಜು ಬೇಕು. ಉದ್ದನೆಯ ಸ್ಪಂಜಿನ ಪಕ್ಕಕ್ಕೆ ಸಮಾನ ಅಂತರದಲ್ಲಿ ಲಂಬ ಗೆರೆಗಳನ್ನು ಎಳೆದು, ಎರಡು ಪುಸ್ತಕಗಳ ಮೇಲೆ ತೊಲೆಯಂತೆ ಇಟ್ಟು ನಡುವೆ ಅದುಮಿ. ಗೆರೆಗಳು ಮೇಲೆ ಹತ್ತಿರವಾಗುತ್ತವೆ, ಕೆಳಗೆ ದೂರ ಸರಿಯುತ್ತವೆ. ನಡುವಿನ ಒಂದು ಪದರ ಮಾತ್ರ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಗೆಲಿಲಿಯೊ 1638ರ ಗ್ರಂಥದಲ್ಲಿ ಗೋಡೆಯಿಂದ ಚಾಚಿದ ತೊಲೆಯ ಬಗ್ಗೆ ಬರೆದಾಗ, ಅದರ ಇಡೀ ಅಡ್ಡಕೊಯ್ತ ಎಳೆತಕ್ಕೇ ಎದುರು ನಿಲ್ಲುತ್ತದೆ ಎಂದು ಭಾವಿಸಿದ್ದ. ಅಂಥವನ ಕಣ್ಣಿಗೂ ತಪ್ಪಿಹೋದ ಕುಗ್ಗುವ ಭಾಗವನ್ನು ಹದಿನೆಂಟರ ಹುಡುಗಿಯೊಬ್ಬಳು ಬೆರಳಿನಿಂದ ಮುಟ್ಟಿ ತೋರಿಸುವಾಗ ನನಗೆ ಪ್ರತಿ ವರ್ಷವೂ ರೋಮಾಂಚನವಾಗುತ್ತದೆ.

ಇಷ್ಟಾದ ಮೇಲೆ ಹಂಪಿಯ ಮಂಟಪದ ಚಿತ್ರ ತೋರಿಸುತ್ತೇನೆ. ಕಂಬಗಳು ಅಷ್ಟು ಒತ್ತೊತ್ತಾಗಿ ಏಕಿವೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಕಲ್ಲಿನ ತೊಲೆಯ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರಿಯದಿರಬೇಕಾದರೆ ಕಂಬಗಳ ನಡುವಿನ ಅಂತರ ಚಿಕ್ಕದಾಗಿರಲೇಬೇಕು.

ಮರದ ಅಳತೆಪಟ್ಟಿಯ ಪ್ರಯೋಗ ಒಂದೇ ನಿಮಿಷದ್ದು. 30 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಅಡ್ಡಲಾಗಿ ಮಲಗಿಸಿದಾಗ ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿದರೆ ಅದರ ಬಿಗುವು 100 ಪಟ್ಟು ಹೆಚ್ಚುತ್ತದೆ. ಬಿಗುವು ಅಗಲಕ್ಕೂ ಎತ್ತರದ ಘನಕ್ಕೂ ಅನುಗುಣ ಎಂಬ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವುದು ಆಮೇಲೆ. ಸೂತ್ರ ಬೇಡವೆಂದು ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಆದರೆ ಕೈಗೆ ಗೊತ್ತಿಲ್ಲದ ಸೂತ್ರ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ, ನಕ್ಷೆಯ ಹಾಳೆಯವರೆಗೆ ಬರುವುದೇ ಇಲ್ಲ.

ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆಯದು. 1879ರಲ್ಲಿ ಅಲ್ಲಿನದೇ ಟೇ ಸೇತುವೆ ರೈಲಿನ ಸಮೇತ ಕುಸಿದಿತ್ತು, ಜನ ಹೆದರಿದ್ದರು. 521 ಮೀಟರ್ ಉದ್ದದ ಅಂಕಣಗಳುಳ್ಳ ಹೊಸ ಸೇತುವೆ ಹೇಗೆ ನಿಲ್ಲುತ್ತದೆಂದು ಅದರ ಎಂಜಿನಿಯರ್ ಬೆಂಜಮಿನ್ ಬೇಕರ್ 1887ರಲ್ಲಿ ಮನುಷ್ಯರನ್ನೇ ಕೂರಿಸಿ ತೋರಿಸಿದ. ಕುರ್ಚಿಗಳ ಮೇಲೆ ಕುಳಿತ ಇಬ್ಬರು ತೋಳು ಚಾಚಿ, ಕುರ್ಚಿಯ ಬುಡದಿಂದ ಓರೆಯಾಗಿ ಬಂದ ಕೋಲುಗಳ ತುದಿ ಹಿಡಿದಿದ್ದರು. ಅವರ ನಡುವೆ ತೂಗುವ ಹಲಗೆಯ ಮೇಲೆ ಜಪಾನಿನ ಎಂಜಿನಿಯರ್ ಕಾಯಿಚಿ ವತನಾಬೆ ಕುಳಿತಿದ್ದರು. ಹೊರಬದಿಯ ಕೈಗಳ ಕಡೆ ಹಗ್ಗದಿಂದ ಇಟ್ಟಿಗೆಯ ರಾಶಿ ಕಟ್ಟಿತ್ತು. ತೋಳುಗಳಲ್ಲಿ ಎಳೆತ, ಕೋಲುಗಳಲ್ಲಿ ಒತ್ತು. ಸೇತುವೆ 1890ರಲ್ಲಿ ತೆರೆಯಿತು, ಇಂದಿಗೂ ರೈಲು ಓಡುತ್ತಿದೆ.

ತರಗತಿಯಲ್ಲಿ ಪೊರಕೆಯ ಕೋಲುಗಳಿಂದ ಇದನ್ನೇ ಮಾಡುತ್ತೇವೆ. ಒಂದು ಬದಲಾವಣೆಯೆಂದರೆ, ಇಟ್ಟಿಗೆಯ ಜಾಗದಲ್ಲಿ ವಿದ್ಯಾರ್ಥಿಗಳೇ ಹಗ್ಗ ಹಿಡಿದು ನಿಲ್ಲುತ್ತಾರೆ. ನಡುವಿನ ಹಲಗೆ ನೆಲದಿಂದ ಒಂದು ಗೇಣು ಮಾತ್ರ ಮೇಲಿರುತ್ತದೆ, ಬಿದ್ದರೂ ಪೆಟ್ಟಾಗದು. ಕಳೆದ ಸಲ ನಡುವೆ ಒಬ್ಬ ಕೂರುತ್ತಿದ್ದಂತೆ ತುದಿಯಲ್ಲಿದ್ದ ಹುಡುಗಿ, "ಸರ್, ಭಾರ ಅಲ್ಲಿ ಕೆಳಗಿಳಿದರೆ ಹಗ್ಗ ನನ್ನನ್ನು ಮೇಲಕ್ಕೆ ಎಳೆಯುತ್ತಿದೆ!" ಎಂದು ಕೂಗಿದಳು. ಹಗ್ಗವನ್ನು ಸ್ವಲ್ಪ ಸಡಿಲಿಸಿ ನೋಡು ಎಂದೆ. ಸಡಿಲಿಸಿದಳು, ಕುರ್ಚಿಯ ಮೇಲಿದ್ದವನು ಒಳಕ್ಕೆ ವಾಲಿದ, ಹಲಗೆ ನೆಲ ಮುಟ್ಟಿತು. ಮರುವಾರ ಅವಳು ಬರೆದು ತಂದ ಬಸ್ ತಂಗುದಾಣದ ನಕ್ಷೆಯಲ್ಲಿ ಮುಂದಕ್ಕೆ ಚಾಚಿದ ಚಾವಣಿಯ ಹಿಂಬದಿಯನ್ನು ಉಕ್ಕಿನ ಸರಳು ಹಿಡಿದು ನೆಲಕ್ಕೆ ಬಿಗಿದಿತ್ತು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದ್ದಳು: "ಇಲ್ಲಿ ನಾನು ನಿಂತಿದ್ದೆ."