ಮಾತು ಬದಲಾದರೆ ವಿಷಯದ ಸಾಲೂ ಬದಲಾಗಲಿ

ಕಚೇರಿಯ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಹಿಂದೊಮ್ಮೆ ‘ಶುಕ್ರವಾರದ ಸಭೆಯ ಸಮಯ’ ಎಂಬ ಮೇಲ್‌ಗೆ ಉತ್ತರಗಳು ಬರುತ್ತಲೇ ಇದ್ದವು. ನಡುವೆ ಯಾರೋ ಸರ್ವರ್ ಬದಲಿಸುವ ಮಾತೆತ್ತಿದರು, ದಿನಾಂಕವೂ ಅಲ್ಲೇ ನಿಗದಿಯಾಯಿತು. ಆ ಸಭೆಗೆ ಸಂಬಂಧವೇ ಇರದ ಸಹೋದ್ಯೋಗಿಯೊಬ್ಬರು ಅದನ್ನು ತೆರೆಯಲಿಲ್ಲ. ಸರ್ವರ್ ನಿಂತ ದಿನ ಅವರ ಅರ್ಧ ದಿನದ ಕೆಲಸ ಹಾಳಾಯಿತು. ತಪ್ಪು ಅವರದಲ್ಲ, ಹಳೆಯ ಸಾಲಿನ ಕೆಳಗೆ ಹೊಸ ವಿಷಯ ಬರೆದ ನಮ್ಮೆಲ್ಲರದು. ಅದರಲ್ಲಿ ನಾನೂ ಇದ್ದೆ.

ಚರ್ಚೆ ಬೇರೆ ಕಡೆ ಹೊರಳಿದ್ದನ್ನು ಮೊದಲು ಗಮನಿಸಿದವರೇ ಸಾಲು ಬದಲಿಸಬೇಕು. ಹಳೆಯದನ್ನು ಒಮ್ಮೆಲೇ ಅಳಿಸಬೇಡಿ. ‘ಸರ್ವರ್ ಬದಲಾವಣೆಯ ದಿನಾಂಕ (ಹಿಂದಿನದು: ಶುಕ್ರವಾರದ ಸಭೆಯ ಸಮಯ)’ ಎಂದು ಬರೆದರೆ ಎಲ್ಲಿಂದ ಬಂದ ಮಾತು ಎಂಬುದು ಓದುವವರಿಗೆ ತಿಳಿಯುತ್ತದೆ. ಮುಂದೆ ಉತ್ತರಿಸುವವರು ಆವರಣದ ಭಾಗ ತೆಗೆದುಬಿಡಲಿ. ಅದರ ಕೆಲಸ ಅಷ್ಟಕ್ಕೇ ಮುಗಿಯಿತು.

ಹಿಂದಿನ ಮಾತಿಗೆ ಯಾವ ನಂಟೂ ಇಲ್ಲದಿದ್ದರೆ ಹೊಸ ಮೇಲನ್ನೇ ಬರೆಯಿರಿ. ವಿಳಾಸಗಳು ಸಿದ್ಧವಾಗಿವೆಯೆಂದು ಹಳೆಯದಕ್ಕೆ ‘ರಿಪ್ಲೈ ಆಲ್’ ಒತ್ತಿ ಸಾಲನ್ನಷ್ಟೇ ತಿದ್ದುವವರು ಬಹಳ. ಪ್ರತಿ ಮೇಲ್‌ಗೂ ಕಣ್ಣಿಗೆ ಕಾಣದ ಗುರುತಿನ ಸಂಖ್ಯೆಯೊಂದಿರುತ್ತದೆ. ನೀವು ಉತ್ತರಿಸಿದಾಗ ಮೂಲ ಮೇಲ್‌ನ ಆ ಸಂಖ್ಯೆ ನಿಮ್ಮ ಮೇಲ್‌ನಲ್ಲೂ ದಾಖಲಾಗುತ್ತದೆ. ಇಮೇಲ್‌ನ ರಚನೆಯನ್ನು ವಿವರಿಸುವ 2008ರ ಆರ್‌ಎಫ್‌ಸಿ 5322 ಎಂಬ ಮಾನದಂಡ ಹೇಳುವುದೂ ಇದನ್ನೇ. ಹಾಗಾಗಿ ಥಂಡರ್‌ಬರ್ಡ್‌ನಂಥ ತಂತ್ರಾಂಶಗಳಲ್ಲಿ ನಿಮ್ಮ ಹೊಸ ವಿಷಯ ಹಳೆಯ ಎಳೆಯ, ಅಂದರೆ ಹಿಂದಿನ ಮೇಲ್ ಮತ್ತು ಅದರ ಉತ್ತರಗಳ ಸರಣಿಯ, ಕೆಳಗೇ ಹೋಗಿ ಕೂರಬಹುದು. ಆ ಎಳೆಯನ್ನು ಮುಚ್ಚಿಟ್ಟವರಿಗೆ ಅದು ಕಾಣುವುದೇ ಇಲ್ಲ.

ಜಿಮೇಲ್‌ನಲ್ಲಿ ಇನ್ನೊಂದು ತೊಡಕು. ಅಲ್ಲಿ ವಿಷಯದ ಸಾಲು ಬದಲಾದರೆ ಸಂಭಾಷಣೆಯೇ ತುಂಡಾಗುತ್ತದೆ. ಕಾಗುಣಿತ ತಿದ್ದಲೆಂದು ಒಂದಕ್ಷರ ಬದಲಿಸಿದರೂ ಚರ್ಚೆ ಎರಡಾಗಿ, ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ಉತ್ತರಿಸುತ್ತಾರೆ. ವಿಷಯ ಬದಲಾಗದೆ ಸಾಲು ಮುಟ್ಟಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನೊಬ್ಬರ ಸಾಲನ್ನು ಆರೋಪವಾಗಿ ತಿರುಚುವುದಂತೂ ಕೂಡದು. ‘ವರದಿ ತಡವಾಗಿದೆ’ ಎಂದಿದ್ದದ್ದು ‘ತಡ ಮಾಡಿದ್ದು ಯಾರು?’ ಎಂದಾದರೆ ಎಲ್ಲರೂ ಉತ್ತರಿಸುವುದು ಆ ಪ್ರಶ್ನೆಗೇ. ವರದಿ ಅಲ್ಲೇ ಉಳಿಯುತ್ತದೆ.

ಬೇರೆಯವರು ದಾರಿ ತಪ್ಪಿದರೆ ಎಲ್ಲರೆದುರು ಬುದ್ಧಿ ಹೇಳಬೇಡಿ. ನಿಮ್ಮ ಉತ್ತರದಲ್ಲಿ ಸಾಲು ಬದಲಿಸಿ, ‘ಇದು ಬೇರೆ ವಿಷಯವಾದ್ದರಿಂದ ಹೆಸರು ಬದಲಿಸಿದ್ದೇನೆ’ ಎಂದು ಮೊದಲಿಗೆ ಬರೆದು, ಹೇಳಬೇಕಾದ್ದನ್ನು ಮುಂದುವರಿಸಿ.