ಸಿಡಿ ಇಲ್ಲದೆ ನಮ್ಮದೇ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಳ್ಳಬಹುದಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಜೊತೆ ವಿಂಡೋಸ್ ಸಿಡಿ ಬಂದಿರಲಿಲ್ಲ. ಫಾರ್ಮ್ಯಾಟ್ ಮಾಡಿದಾಗಲೆಲ್ಲ ಡ್ರೈವರ್ (ವೈಫೈ, ಸೌಂಡ್ ಇಂಥವನ್ನು ಓಡಿಸುವ ಸಾಫ್ಟ್‌ವೇರ್) ಹುಡುಕಿ ಹಾಕಿ ಸಾಕಾಗಿದೆ. ಎಲ್ಲವನ್ನೂ ಮೊದಲೇ ಸೇರಿಸಿದ ಇನ್‌ಸ್ಟಾಲರ್ ನಾನೇ ಮಾಡಬಹುದಾ?

ಮಾಡಬಹುದು. ಸಿಡಿಯ ಚಿಂತೆ ಬಿಡಿ. ಅದರಿಂದ ನಮಗೆ ಸಿಗುತ್ತಿದ್ದದ್ದು ಎರಡೇ: ಒಳಗಿನ ಫೈಲುಗಳು, ಕವರಿನ ಮೇಲಿನ ಕೀ, ಅಂದರೆ ಲೈಸೆನ್ಸ್ ನಂಬರು. ಫೈಲುಗಳು ಈಗ ಮೈಕ್ರೋಸಾಫ್ಟ್ ಸೈಟಿನಲ್ಲೇ ಐಎಸ್‌ಒ ರೂಪದಲ್ಲಿ, ಅಂದರೆ ಇಡೀ ಡಿಸ್ಕಿನ ನಕಲು ಒಂದೇ ಫೈಲಾಗಿ, ಸಿಗುತ್ತವೆ. ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಚಿಪ್ಪಿನಲ್ಲೇ ಕೂತಿರುವ ಸಾಫ್ಟ್‌ವೇರ್) ಇರುತ್ತದೆ.

ಎಕ್ಸ್‌ಪಿ ಕಾಲದಲ್ಲಿ ಇದು ದೊಡ್ಡ ಸರ್ಕಸ್ಸು. ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ ಫೈಲುಗಳಿರುವ ಐ386 ಫೋಲ್ಡರ್ ಹುಡುಕಿ, ಇನ್‌ಸ್ಟಾಲರ್ ತಿದ್ದುವ ಎನ್‌ಲೈಟ್ ಸಾಫ್ಟ್‌ವೇರಿಗೆ ಕೊಟ್ಟು, ಸಿಡಿ ಬರೆದು, ಅದು ಬೂಟ್ ಆಗಲಪ್ಪಾ ಅಂತ ಕಾಯಬೇಕಿತ್ತು. 2007ರಲ್ಲಿ ವಿಸ್ತಾ ಬಂದಮೇಲೆ ಇಡೀ ವಿಂಡೋಸ್ ಒಂದೇ ಫೈಲಿನೊಳಗೆ ಬಂತು. ಸೋರ್ಸಸ್ ಫೋಲ್ಡರಿನಲ್ಲಿರುವ ಇನ್‌ಸ್ಟಾಲ್.ವಿಮ್ ಅದೇ. ನಿಮ್ಮ ಕೆಲಸದ ಬಹುಪಾಲು ಇದರ ಮೇಲೆ.

ಮೊದಲು ಈಗಿರುವ ಡ್ರೈವರ್‌ಗಳನ್ನು ತೆಗೆದಿಟ್ಟುಕೊಳ್ಳಿ. ಎಲ್ಲೂ ಹುಡುಕಬೇಕಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಸ್ಮ್ ಎಂಬ ಕಮಾಂಡ್ ಟೂಲ್, ನೀವು ಹಾಕಿಕೊಂಡ ಡ್ರೈವರ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿಕೊಡುತ್ತದೆ. ಆಮೇಲೆ ಐಎಸ್‌ಒ ಒಳಗಿನದನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಇನ್‌ಸ್ಟಾಲ್.ವಿಮ್ ಅನ್ನು ಡಿಸ್ಮ್‌ನಿಂದ ಒಂದು ಖಾಲಿ ಫೋಲ್ಡರಿಗೆ ಮೌಂಟ್ ಮಾಡಿ (ಒಳಗಿನದೆಲ್ಲ ಆ ಫೋಲ್ಡರಿನಲ್ಲಿ ಕಾಣುವಂತೆ ತೆರೆದು), ಡ್ರೈವರ್ ಸೇರಿಸಿ, ಕಮಿಟ್ ಕೊಟ್ಟು (ಬದಲಾವಣೆ ಉಳಿಸಿ) ಅನ್‌ಮೌಂಟ್ ಮಾಡಿ. ಆ ಫೋಲ್ಡರನ್ನು ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿಟ್ಟಿದ್ದರೆ ಅನ್‌ಮೌಂಟ್ ಅರ್ಧಕ್ಕೇ ನಿಲ್ಲಬಹುದು, ಜೋಪಾನ. ವಿಮ್ ಬದಲು ಇನ್‌ಸ್ಟಾಲ್.ಇಎಸ್‌ಡಿ ಸಿಕ್ಕಿತಾ? ನೀವು ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿರುತ್ತೀರಿ. ಇಎಸ್‌ಡಿ ಫೈಲ್ ಮೌಂಟ್ ಆಗುವುದಿಲ್ಲ, ಡಿಸ್ಮ್‌ನಿಂದಲೇ ಮೊದಲು ವಿಮ್‌ಗೆ ಬದಲಾಯಿಸಿಕೊಳ್ಳಬೇಕು.

ಇಲ್ಲೊಂದು ಕಡೆ ನಾನೇ ಮುಗ್ಗರಿಸಿದ್ದೇನೆ. ಒಂದು ವಿಮ್ ಫೈಲಿನೊಳಗೆ ಹೋಮ್, ಪ್ರೊ ಅಂತ ಹಲವು ಎಡಿಷನ್‌ಗಳು ಬೇರೆಬೇರೆ ನಂಬರಿನಲ್ಲಿ ಇರುತ್ತವೆ. ನಾನು ಪ್ರೊಗೆ ಡ್ರೈವರ್ ಸೇರಿಸಿ ಖುಷಿಯಾಗಿ ಇನ್‌ಸ್ಟಾಲ್‌ಗೆ ಕೂತೆ. ಇನ್‌ಸ್ಟಾಲರ್ ಫರ್ಮ್‌ವೇರ್‌ನಲ್ಲಿದ್ದ ಹೋಮ್ ಕೀ ಓದಿಕೊಂಡು, ನನ್ನನ್ನು ಒಂದು ಮಾತೂ ಕೇಳದೆ ಹೋಮ್ ಹಾಕಿತು. ವೈಫೈ ಇಲ್ಲ, ಏನೂ ಇಲ್ಲ. ನಿಮ್ಮ ಲೈಸೆನ್ಸ್ ಯಾವ ಎಡಿಷನ್ನಿನದೋ ಅದಕ್ಕೇ ಸೇರಿಸಿ.

ಇನ್ನೊಂದು ಫೈಲು ಜಾಸ್ತಿ ಜನಕ್ಕೆ ಮರೆತೇ ಹೋಗುತ್ತದೆ: ಬೂಟ್.ವಿಮ್. ಇನ್‌ಸ್ಟಾಲರ್ ಹಾಕಿಟ್ಟ ಪೆನ್‌ಡ್ರೈವ್‌ನಿಂದ ಮೊದಲು ಓಡುವುದು ಇದು. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಡ್ರೈವರ್ ಇದರೊಳಗೂ ಇಲ್ಲದಿದ್ದರೆ 'ಡ್ರೈವ್ ಕಾಣಿಸುತ್ತಿಲ್ಲ' ಅಂತ ಇನ್‌ಸ್ಟಾಲರ್ ಅಲ್ಲೇ ನಿಂತುಬಿಡುತ್ತದೆ. ಇನ್‌ಸ್ಟಾಲ್.ವಿಮ್‌ಗೆ ಎಷ್ಟು ತುಂಬಿಸಿದ್ದರೂ ಆಗ ಪ್ರಯೋಜನವಿಲ್ಲ. ಸೆಟಪ್, ಅಂದರೆ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ, ಇರುವುದು ಬೂಟ್.ವಿಮ್‌ನ ಎರಡನೇ ನಂಬರಿನಲ್ಲಿ, ಡ್ರೈವರ್ ಅದಕ್ಕೆ ಸೇರಿಸಿ.

ಭಾಷೆ, ಯೂಸರ್ ಹೆಸರು ಇಂಥ ಪ್ರಶ್ನೆಗಳಿಗೆ ಉತ್ತರ ಬರೆದಿಡಲು ಆಟೋಅನ್‌ಅಟೆಂಡ್.ಎಕ್ಸ್‌ಎಂಎಲ್ ಎಂಬ ಫೈಲನ್ನು ಪೆನ್‌ಡ್ರೈವಿನಲ್ಲಿ ಯಾವ ಫೋಲ್ಡರಿಗೂ ಹಾಕದೆ ಹೊರಗೇ ಇಡಬೇಕು. ಡಿಸ್ಕ್ ಅಳಿಸುವ ಸೂಚನೆಯನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಯಾರೋ ಆ ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದರೆ ಅವರ ಫೋಟೋಗಳೆಲ್ಲ ಹೇಳದೆ ಕೇಳದೆ ಹೋಗುತ್ತವೆ. ಪಾಸ್‌ವರ್ಡ್ ಕೂಡ ಬೇಡ, ಫೈಲ್ ತೆರೆದವರಿಗೆ ಗೊತ್ತಾಗಿಬಿಡುತ್ತದೆ.

ವಿಂಡೋಸಿನ ಆಂಟಿವೈರಸ್ ಆದ ಡಿಫೆಂಡರ್, ಅಪ್‌ಡೇಟ್ ಇವನ್ನೆಲ್ಲ ಕಿತ್ತು ಹಗುರ ಮಾಡುವ ಆಸೆ ಬರುತ್ತದೆ ಅಲ್ವಾ? ನನ್ನ ಪ್ರಕಾರ ಬೇಡ. ಇವತ್ತು ಚೆನ್ನಾಗಿ ಓಡಿದ್ದು ಮುಂದಿನ ದೊಡ್ಡ ಅಪ್‌ಡೇಟಿಗೆ ಕೈಕೊಡಬಹುದು. ಬೇಡದ ಆಪ್ ತೆಗೆಯುವುದಾದರೆ ಪರವಾಗಿಲ್ಲ. ಯಾರೋ ಕತ್ತರಿಸಿ ಕೊಟ್ಟ ರೆಡಿಮೇಡ್ 'ಲೈಟ್' ಐಎಸ್‌ಒ ಮಾತ್ರ ಮುಟ್ಟಲೇಬೇಡಿ, ಒಳಗೆ ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು.

ಇನ್ನು ಪೆನ್‌ಡ್ರೈವ್. ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ, ನಿಮ್ಮ ವಿಮ್ ಅದಕ್ಕಿಂತ ದೊಡ್ಡದಾಗಿರುವ ಸಾಧ್ಯತೆಯೇ ಹೆಚ್ಚು. ಡಿಸ್ಮ್‌ನಿಂದ ಅದನ್ನು ತುಂಡು ಮಾಡಿ ಹಾಕಿ, ಸೆಟಪ್ ತಾನೇ ಜೋಡಿಸಿಕೊಳ್ಳುತ್ತದೆ. ಉತ್ತರದ ಫೈಲ್ ಸರಿಯಿದೆಯಾ ಅಂತ ವರ್ಚುಯಲ್ ಮಷಿನ್‌ನಲ್ಲಿ (ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ನೋಡಬಹುದು. ಆದರೆ ಡ್ರೈವರ್ ಪರೀಕ್ಷೆ ನಿಮ್ಮ ಲ್ಯಾಪ್‌ಟಾಪಿನ ಮೇಲೇ ಆಗಬೇಕು. ಅವತ್ತು ಏನೂ ಬದಲಾಯಿಸದ ವಿಂಡೋಸ್ ಇರುವ ಇನ್ನೊಂದು ಪೆನ್‌ಡ್ರೈವ್ ಪಕ್ಕದಲ್ಲಿ ಇಟ್ಟುಕೊಂಡಿರಿ.